ಸಾಗವಾನಿ ಡೆಕ್ಕಿನ ಕೆಳಗೆ

ಭಟ್ಕಳದ ಸಾಹೇಬರ ಫೋನು ಬಂದಾಗ ನಾನು ಹೊನ್ನಾವರದ ನನ್ನ ಶೆಡ್ಡಿನಲ್ಲಿ ಮೀನು ದೋಣಿಯೊಂದರ ತಳಕ್ಕೆ ಫೈಬರ್ ಹಚ್ಚುತ್ತಿದ್ದೆ. ಕೈಗೆಲ್ಲ ಅಂಟು ಮೆತ್ತಿತ್ತು. ಮೊಣಕೈಯಿಂದ ಸ್ಪೀಕರ್ ಒತ್ತಿ ಮಾತಾಡಿದೆ.

"ಆಚಾರ್ರೇ, ಎರಡು ಹಾಯಿ ಬೋಟು ನೋಡಿ ಇಟ್ಟಿದ್ದೇನೆ. ಒಂದು ತದಡಿಯಲ್ಲಿ ಉಂಟು, ಒಂದು ನಿಮ್ಮ ಹೊನ್ನಾವರದಲ್ಲೇ ಉಂಟು. ಯಾವುದು ತಗೊಳ್ಳುದು ಅಂತ ನೀವು ಹೇಳ್ಬೇಕು."

ಸಾಹೇಬರು ಸರಕು ಹಡಗುಗಳಲ್ಲಿ ಚೀಫ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಳೆಗಾಲ ಮುಗಿದ ಮೇಲೆ ಹೆಂಡತಿಯ ಜೊತೆ, ಇಬ್ಬರೇ, ಕರಾವಳಿಯ ಗುಂಟ ಕೊಚ್ಚಿಯವರೆಗೆ ಹಾಯಿ ಹಾಕಿಕೊಂಡು ಹೋಗಬೇಕೆಂಬುದು ಅವರ ಆಸೆ. ಹೆಂಡತಿಯನ್ನು ನಾನು ಭಾಬಿ ಎಂದೇ ಕರೆಯುತ್ತಿದ್ದೆ. ಹಿಂದೊಮ್ಮೆ ಗಂಡನ ಜೊತೆ ಹಡಗಿನಲ್ಲಿದ್ದಾಗ ಒದ್ದೆ ಕಬ್ಬಿಣದ ಡೆಕ್ಕಿನ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಒಳಗೆ ಉಕ್ಕಿನ ಸರಳು ಹಾಕಿದ್ದಾರೆ, ಸ್ವಲ್ಪ ಎಳೆದು ನಡೆಯುತ್ತಾರೆ. ಬೋಟಿನ ಉದ್ದ, ಎಂಜಿನ್, ಹಾಯಿ ಯಾವುದರ ಬಗ್ಗೆಯೂ ಅವರು ಕೇಳಲಿಲ್ಲ. ಹೇಳಿದ್ದು ಒಂದೇ ಮಾತು: "ನನ್ನ ಕಾಲು ಜಾರಬಾರ್ದು. ಜಾರುವ ಬೋಟು ಆದ್ರೆ ಇವರು ಒಬ್ಬರೇ ಹೋಗ್ಲಿ."

ಮೊದಲು ತದಡಿಗೆ ಹೋದೆವು. ಅಘನಾಶಿನಿಯ ಹೊಳೆಯಲ್ಲಿ, ಮೀನು ಬೋಟುಗಳ ಸಾಲಿನ ಕೊನೆಗೆ ಕಟ್ಟಿದ್ದ ಅದು ನೋಡಲು ಏನೂ ಚೆನ್ನಾಗಿರಲಿಲ್ಲ. ಬರೀ ಫೈಬರ್ ಡೆಕ್, ಅದರ ಮೇಲೆ ಬೂದು ಬಣ್ಣ, ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಭಾಬಿ ಒಂದು ಕಾಲಿಟ್ಟು ನೋಡಿ ಹಿಂದೆ ತೆಗೆದರು. ನಾನು ಬಕೆಟಿನಿಂದ ನೀರು ಸುರಿದು ನನ್ನ ಅಂಗಾಲು ಉಜ್ಜಿ ನೋಡಿದೆ. ಸೋಪು ಹಚ್ಚಿದ ಹಾಗೆ ಜಾರಿತು.

ಮಧ್ಯಾಹ್ನ ಹೊನ್ನಾವರಕ್ಕೆ ಬಂದೆವು. ಎರಡನೆಯ ಬೋಟಿನ ಮಾಲೀಕರು ಕುಮಟಾ ಕಡೆ ಕಡಲ ದಂಡೆಯಲ್ಲಿ ವಸತಿಗೃಹ ನಡೆಸುವವರು. ಬೋಟನ್ನು ಶರಾವತಿಯ ಧಕ್ಕೆಯಲ್ಲಿ, ದೋಣಿ ನಿಲ್ಲುವ ಕಲ್ಲುಕಟ್ಟೆಗೆ ಕಟ್ಟಿ ಇಟ್ಟಿದ್ದರು. ಅದನ್ನು ನೋಡಿದ ಕೂಡಲೇ ನಾನು ಸೋತೆ. ಇಡೀ ಡೆಕ್ಕಿಗೆ ಸಾಗವಾನಿ ಹಾಸು. ಎರಡು ಬೆರಳು ಅಗಲದ ಪಟ್ಟಿಗಳು ಬೋಟಿನ ಮೈಯ ಬಳುಕಿಗೆ ಸರಿಯಾಗಿ ಬಾಗಿ ಮುಂದಿನ ಮೂತಿಯವರೆಗೆ ಓಡಿದ್ದವು. ಪಟ್ಟಿ ಪಟ್ಟಿಯ ನಡುವೆ ಕಪ್ಪು ರಬ್ಬರಿನ ಗೆರೆ. ಹೊಸದಾಗಿ ಎಣ್ಣೆ ಕುಡಿಸಿದ್ದರಿಂದ ಬಿಸಿಲಿಗೆ ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ಹದಿನಾರನೇ ವಯಸ್ಸಿನಲ್ಲಿ ಉಳಿ ಹಿಡಿದವನು ನಾನು. ಹತ್ತು ಹದಿನೈದು ವರ್ಷಗಳಿಂದ ಫೈಬರಿನದೇ ಕೆಲಸವಾದರೂ ಕೈ ಇನ್ನೂ ಮರದ್ದೇ. ಮಂಡಿಯೂರಿ ಕೂತು ಆ ಪಟ್ಟಿಗಳನ್ನು ಸವರಿದೆ.

ನೀರು ಸುರಿದೆವು. ಭಾಬಿ ಚಪ್ಪಲಿ ಬಿಟ್ಟು ಹತ್ತಿದರು. ನಾಲ್ಕು ಹೆಜ್ಜೆ, ಆಮೇಲೆ ಹತ್ತು. ಮೂತಿಯವರೆಗೆ ಹೋಗಿ ಕಂಬಿ ಹಿಡಿಯದೆ ತಿರುಗಿ ಬಂದರು.

"ಎಂತ ಅನ್ನಿಸ್ತದೆ ಆಚಾರ್ರೇ?" ಸಾಹೇಬರು ಕೇಳಿದರು.

"ಒಳ್ಳೆ ಮಾಲು," ಎಂದೆ. "ಸಾಗವಾನಿ ಒದ್ದೆಯಾದಷ್ಟೂ ಕಾಲು ಹಿಡೀತದೆ. ಒಳಗೆ ಸೆಖೆಯೂ ಕಡಿಮೆ. ಅಡ್ಡಿಲ್ಲ, ತಗೊಳ್ಳಿ."

ನಾನು ಹೇಳಿದ್ದರಲ್ಲಿ ಸುಳ್ಳು ಯಾವುದೂ ಇರಲಿಲ್ಲ. ಆದರೆ ಅಷ್ಟು ಹೇಳಲು ನಾನು ತೆಗೆದುಕೊಂಡ ಸಮಯ ಒಂದು ಚಾ ಕುಡಿಯುವಷ್ಟೂ ಇರಲಿಲ್ಲ. ಸಾಹೇಬರು ಅಲ್ಲೇ ಮಾಲೀಕರ ಕೈ ಕುಲುಕಿ ಮಾತು ಕೊಟ್ಟರು. ನಾನು ಪೂರ್ತಿ ತಪಾಸಣೆ ಮಾಡುವುದು, ಆಮೇಲೆ ಭಾನುವಾರ ಕಡಲಿಗೆ ಒಯ್ದು ಹಾಯಿ ಹಾಕಿ ನೋಡುವುದು, ಆಮೇಲೆ ಕಾಗದಪತ್ರ. ಹೀಗೆಂದು ನಿಶ್ಚಯವಾಯಿತು.

ಶುಕ್ರವಾರ ಬೆಳಿಗ್ಗೆ ನಾನೊಬ್ಬನೇ ಹೋದೆ. ಈ ಸಲ ಎಣ್ಣೆಯ ಹೊಳಪು ಬಿಟ್ಟು ಮರವನ್ನು ನೋಡಿದೆ. ಇಂಥ ಡೆಕ್ಕಿನಲ್ಲಿ ಸಾಗವಾನಿ ಇರುವುದು ಮೇಲಿನ ಹಾಸಾಗಿ ಮಾತ್ರ. ಕೆಳಗೆ ಎರಡು ಫೈಬರ್ ಪದರ, ಅವುಗಳ ನಡುವೆ ಹಗುರ ಮರದ ತುಂಡುಗಳು. ಹಳೆಯ ಬೋಟುಗಳಲ್ಲಿ ಪ್ರತಿ ಗೇಣಿಗೊಂದರಂತೆ ಸ್ಕ್ರೂ ಹಾಕಿ ಸಾಗವಾನಿಯನ್ನು ಮೇಲಿನ ಫೈಬರಿಗೆ ಬಿಗಿದಿರುತ್ತಾರೆ. ಸ್ಕ್ರೂ ತಲೆಯ ಮೇಲೆ ಮರದ ಬಿಲ್ಲೆ ಮುಚ್ಚಿರುತ್ತದೆ. ಅಂದರೆ ಒಂದು ಡೆಕ್ಕಿಗೆ ಸಾವಿರಗಟ್ಟಲೆ ತೂತು. ಮರ ದಪ್ಪ ಇರುವತನಕ ತೂತು ಮುಚ್ಚಿರುತ್ತದೆ. ವರ್ಷಾನುಗಟ್ಟಲೆ ಬ್ರಷ್ ಹಾಕಿ ತಿಕ್ಕಿ, ಪ್ರೆಶರಿನ ನೀರು ಹೊಡೆದು ಮರ ಸವೆದರೆ ಬಿಲ್ಲೆ ತೆಳುವಾಗಿ ಹಾರಿಹೋಗುತ್ತದೆ. ಆಮೇಲೆ ಒಂದೊಂದು ಸ್ಕ್ರೂ ಕೂಡ ನೀರಿಗೆ ಒಳಗಿಳಿಯುವ ದಾರಿ.

ರಬ್ಬರ್ ಎದ್ದಿದ್ದ ಸಂದಿಗಳಲ್ಲಿ ಉಕ್ಕಿನ ಸ್ಕೇಲು ಇಳಿಸಿ ದಪ್ಪ ಅಳೆದೆ. ಮೂತಿಯಲ್ಲಿ ಹತ್ತು ಮಿಲಿಮೀಟರ್. ನಡುವೆ ಏಳು. ಜನ ಹೆಚ್ಚು ಓಡಾಡುವ ಬಲಬದಿಯಲ್ಲಿ ಐದು. ಅಲ್ಲಿ ಬಿಲ್ಲೆಗಳು ಕಾಗದದಷ್ಟು ತೆಳುವಾಗಿದ್ದವು. ಕೆಲವು ಕಡೆ ಬಿಲ್ಲೆಯೇ ಇಲ್ಲದೆ, ಮರದ ಬಣ್ಣದ ಪುಟ್ಟಿ ತುಂಬಿ ಮೇಲೆ ಎಣ್ಣೆ ಸವರಿದ್ದರು.

ಕೊಡತಿಯ ಹಿಡಿ ತೆಗೆದುಕೊಂಡು ತಟ್ಟುತ್ತ ಹೋದೆ. ಗಟ್ಟಿ ಇದ್ದಲ್ಲಿ ಟಕ್ ಟಕ್ ಎಂದು ತಿರುಗಿ ಬಡಿಯುತ್ತದೆ. ಒಳಗೆ ನೀರು ಕುಡಿದಿದ್ದರೆ ಸದ್ದು ಅಲ್ಲೇ ಕೂತುಬಿಡುತ್ತದೆ. ಎಡಬದಿ ಪೂರ್ತಿ ಚೆನ್ನಾಗಿತ್ತು. ಬಲಬದಿಯ ನಡುವೆ ಊಟದ ತಟ್ಟೆಯಷ್ಟು ಜಾಗದಲ್ಲಿ ಸದ್ದು ಕೂತಿತು. ಆ ತಟ್ಟೆಯ ಮಧ್ಯದಿಂದಲೇ ಒಂದು ಉಕ್ಕಿನ ಪಟ್ಟಿ ಮೇಲೆದ್ದಿತ್ತು. ಹಾಯಿಕಂಬವನ್ನು ಬಲಗಡೆಯಿಂದ ಎಳೆದು ಹಿಡಿಯುವ ಉಕ್ಕಿನ ತಂತಿ ಬಂದು ಸೇರುವುದು ಆ ಪಟ್ಟಿಗೆ. ಪಟ್ಟಿ ಡೆಕ್ಕನ್ನು ತೂರಿ ಕೆಳಗಿಳಿದು ಕ್ಯಾಬಿನ್ನಿನ ಪ್ಲೈವುಡ್ ಗೋಡೆಗೆ ಬೋಲ್ಟ್ ಆಗಿರುತ್ತದೆ. ಕೆಳಗೆ ಹೋಗಿ ನೋಡಿದರೆ ಆ ಗೋಡೆಗೆ ಹೊಸ ಫಾರ್ಮಿಕಾ ಹಾಳೆ ಅಂಟಿಸಿದ್ದರು.

ಮಾಲೀಕರಿಗೆ ಫೋನ್ ಮಾಡಿದೆ. "ಒಂದು ಹಾಳೆ ಬಿಚ್ಚಿ ನೋಡ್ತೇನೆ, ಆಗ್ಬಹುದಾ?"

"ಅದೆಲ್ಲ ಬೇಡ ಮಾರಾಯ್ರೇ. ನಾಳೆ ಅವರು ಬೇಡ ಅಂದ್ರೆ ಒಡೆದ ಬೋಟು ನಾ ಎಂತ ಮಾಡೂದು? ತಗೊಂಡ ಮೇಲೆ ಬೇಕಾದ್ದು ಬಿಚ್ಚಿ."

ಅವರು ಹೇಳಿದ್ದೂ ನ್ಯಾಯವೇ. ಸಂಜೆ ಸಾಹೇಬರು ಕೇಳಿದಾಗ ನಾನು, "ಬಲಗಡೆ ಸ್ವಲ್ಪ ನೀರು ಇಳಿದ ಹಾಗೆ ಕಾಣ್ತದೆ. ಮಳೆಗಾಲದಲ್ಲಿ ರಿಪೇರಿ ಮಾಡ್ವ," ಎಂದೆ. ತಟ್ಟೆಯಷ್ಟು ಜಾಗ ಎಂದು ಹೇಳಲಿಲ್ಲ. ಅದು ಎಲ್ಲಿದೆ ಎಂದೂ ಹೇಳಲಿಲ್ಲ. ಮೂರು ದಿನದ ಹಿಂದೆ ಅದೇ ಬಾಯಿಯಲ್ಲಿ ಒಳ್ಳೆ ಮಾಲು ಅಂದಿದ್ದೆನಲ್ಲ, ಅದನ್ನು ನುಂಗಿಕೊಳ್ಳಲು ಮನಸ್ಸು ಬರಲಿಲ್ಲ. ಭಾಬಿ ಆ ಡೆಕ್ಕಿನ ಮೇಲೆ ನಡೆದದ್ದೂ ಕಣ್ಣಿಗೆ ಕಟ್ಟಿತ್ತು. ಹೀಗೆ ಎರಡು ಕಾರಣ ಸೇರಿಸಿ ನನ್ನನ್ನು ನಾನೇ ಒಪ್ಪಿಸಿಕೊಂಡೆ.

ಭಾನುವಾರ ಐದು ಜನ ಹೊರಟೆವು. ಸಾಹೇಬರು, ಭಾಬಿ, ಮಾಲೀಕರು, ಅವರ ಬೋಟು ನಡೆಸುವ ತಾಂಡೇಲ, ನಾನು. ಶರಾವತಿ ಕಡಲು ಸೇರುವ ಅಳಿವೆ ಗೊತ್ತಿದ್ದವರಿಗೂ ಭಯ ಹುಟ್ಟಿಸುವ ಜಾಗ. ಮರಳಿನ ದಿಬ್ಬ ವರ್ಷ ವರ್ಷ ಜಾಗ ಬದಲಿಸುತ್ತದೆ. ಉಬ್ಬರ ಏರುವಾಗ ದಾಟಬಹುದು. ಇಳಿತ ಶುರುವಾದ ಮೇಲೆ ಹೊಳೆಯ ನೀರು ಹೊರಗೆ ನುಗ್ಗುತ್ತ ಕಡಲ ತೆರೆಗೆ ಎದುರಾಗಿ ಅಲ್ಲೇ ಗೋಡೆ ಎದ್ದು ಒಡೆಯುತ್ತದೆ. ತಾಂಡೇಲ ಮೊದಲೇ ಹೇಳಿದ: "ಎರಡೂವರೆಗೆ ಉಬ್ಬರ ತುಂಬ್ತದೆ. ಮೂರರೊಳಗೆ ನಾವು ಒಳಗೆ ಇರ್ಬೇಕು. ತಡ ಆದ್ರೆ ಹೊರಗೇ ರಾತ್ರಿ."

ಹನ್ನೆರಡೂವರೆಗೆ ಎಂಜಿನ್ನಿನಲ್ಲಿ ಅಳಿವೆ ದಾಟಿ, ಆಳ ನೀರಿಗೆ ಹೋಗಿ ಹಾಯಿ ಏರಿಸಿದೆವು. ಎಂಜಿನ್ ನಿಲ್ಲಿಸಿದ ಕೂಡಲೇ ನೀರಿನ ಸದ್ದು ಮಾತ್ರ ಉಳಿಯಿತು. ವಾಯವ್ಯದ ಗಾಳಿ ಬಲಗಡೆಯಿಂದ ಬೀಸುತ್ತಿತ್ತು. ಬೋಟು ಎಡಕ್ಕೆ ವಾಲಿ ನೈಋತ್ಯಕ್ಕೆ ಓಡಿತು. ಭಾಬಿ ಚುಕ್ಕಾಣಿಯ ಹತ್ತಿರ ಕೂತು, ಸಿಡಿದ ನೀರಿನಲ್ಲಿ ಅಂಗಾಲು ಒತ್ತಿ ಒತ್ತಿ ನೋಡುತ್ತಿದ್ದರು. ಮರ ಕಾಲನ್ನು ಬಿಡಲಿಲ್ಲ. ಸಾಹೇಬರು ನನ್ನನ್ನು ನೋಡಿ ತಲೆಯಾಡಿಸಿದರು.

ಒಂದೂಕಾಲರ ಹೊತ್ತಿಗೆ ಗಾಳಿ ಏರಿತು. ನಾನು ಬಲಬದಿಯ ಆ ಉಕ್ಕಿನ ಪಟ್ಟಿಯ ಪಕ್ಕದಲ್ಲೇ, ಬೇಕೆಂದೇ ಕೂತಿದ್ದೆ. ಪ್ರತಿ ತೆರೆಗೂ ಒಂದು ಸಣ್ಣ ಸದ್ದು ಬರುತ್ತಿತ್ತು. ಹೊಸ ಚಪ್ಪಲಿ ಕಿರುಗುಟ್ಟಿದ ಹಾಗೆ. ಬಗ್ಗಿ ನೋಡಿದೆ. ಪಟ್ಟಿಯ ಸುತ್ತಿನ ರಬ್ಬರ್ ಗೆರೆಯಿಂದ ಕಂದು ನೀರು ಒಸರುತ್ತಿತ್ತು, ಹಾಲು ಹಾಕದ ಕಣ್ಣ ಚಾದ ಬಣ್ಣ. ಕಡಲ ನೀರಿಗೆ ಆ ಬಣ್ಣ ಇಲ್ಲ. ಅದು ಒಳಗಿನ ಮರ ಕೊಳೆತ ನೀರು. ಹೆಬ್ಬೆರಳು ಇಟ್ಟೆ. ಬೋಟು ವಾಲಿದಾಗ ಸಂದಿ ತೆರೆಯಿತು, ಎದ್ದಾಗ ಮುಚ್ಚಿ ನನ್ನ ಚರ್ಮವನ್ನು ಚಿವುಟಿತು.

ಯಾರಿಗೂ ಹೇಳದೆ ಕೆಳಗಿಳಿದೆ. ಯಾರನ್ನೂ ಕೇಳದೆ ಉಳಿ ತೂರಿಸಿ ಫಾರ್ಮಿಕಾ ಹಾಳೆಯನ್ನು ಎಬ್ಬಿಸಿದೆ. ಅದು ಒದ್ದೆ ರೊಟ್ಟಿಯಂತೆ ಕಳಚಿ ಬಂತು. ಹಿಂದಿನ ಪ್ಲೈವುಡ್ ಕಪ್ಪಾಗಿತ್ತು. ನಾಲ್ಕು ಬೋಲ್ಟುಗಳಲ್ಲಿ ಮೇಲಿನ ಎರಡು ಮರವನ್ನು ಸೀಳಿಕೊಂಡು ಒಂದು ಬೆರಳು ಮೇಲೆ ಬಂದಿದ್ದವು. ಸ್ಕ್ರೂಡ್ರೈವರ್ ಚುಚ್ಚಿದೆ, ಹಿಡಿಯವರೆಗೆ ಹೋಯಿತು. ಆ ಇಡೀ ಕಂಬ, ಆ ಹಾಯಿಯ ಭಾರ, ಈ ಕ್ಷಣಕ್ಕೆ ಕೆಳಗಿನ ಎರಡು ಬೋಲ್ಟಿನ ಮೇಲೆ ನಿಂತಿತ್ತು.

ಮೇಲೆ ಬಂದು ಸ್ಕ್ರೂಡ್ರೈವರನ್ನು ಸಾಹೇಬರ ಮುಂದೆ ಹಿಡಿದೆ. ಹಿಡಿಯವರೆಗೂ ಕಪ್ಪು ಹಸಿ ಹುಡಿ ಮೆತ್ತಿತ್ತು.

"ಎಲ್ಲಿ?" ಎಂದರು.

"ಬಲಗಡೆ ತಂತಿಯ ಪಟ್ಟಿ. ಎರಡು ಬೋಲ್ಟು ಹೋಗಿದೆ."

ಮಾಲೀಕರು ನಡುವೆ ಬಾಯಿ ಹಾಕಿದರು. "ಎಂತ ಆತು? ಸ್ವಲ್ಪ ನೀರು ಬಂದ್ರೆ ಬೋಟು ಬೀಳ್ತದಾ? ಹೋದ ವಾರವೂ ಮಕ್ಕಳನ್ನ ಕೂರಿಸ್ಕಂಡು ಹೋಗಿದ್ದೆ."

ಸಾಹೇಬರು ಹಾಯಿಯ ಹಗ್ಗ ಸಡಿಲ ಬಿಟ್ಟರು. ಅದು ತಪ್ಪಾಯಿತು. ಹಾಯಿ ಪಟಪಟ ಬಡಿಯತೊಡಗಿ ಕಂಬ ಬುಡದಿಂದ ತುದಿಯವರೆಗೆ ನಡುಗಿತು. ಕೆಳಗಿನಿಂದ ಕಟ್ ಎಂಬ ಸದ್ದು ಬಂತು. ಮೂರನೆಯ ಬೋಲ್ಟು. ಕಂಬ ಬಿದ್ದರೆ ತಂತಿಗಳು ನೀರಿಗೆ ಬಿದ್ದು ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ಆಮೇಲೆ ಗಾಳಿ ನಮ್ಮನ್ನು ತಳ್ಳುವುದು ನೇರ ದಂಡೆಗೆ.

ನಾನು ಹಾಯಿ ನಡೆಸುವವನಲ್ಲ. ಆದರೆ ಮರ ಎಲ್ಲಿ ಗಟ್ಟಿ ಇದೆ, ಎಲ್ಲಿ ಇಲ್ಲ ಎಂಬುದು ಆ ಬೋಟಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. "ಎಡಗಡೆ ಗಟ್ಟಿ ಉಂಟು," ಎಂದೆ. "ಬೋಟು ತಿರುಗಿಸಿ. ಗಾಳಿ ಎಡಗಡೆಯಿಂದ ಬರ್ಲಿ. ಭಾರ ಎಡಗಡೆ ತಂತಿಗೆ ಹೋಗ್ತದೆ."

ತಾಂಡೇಲ ಸಾಹೇಬರನ್ನು ನೋಡಿದ. "ತಿರುಗಿಸುವಾಗ ಒಂದು ಜೋಲಿ ಹೊಡೀತದೆ," ಎಂದ.

"ಅಲ್ಲಿವರೆಗೆ ಹಿಡೀತದಾ ಆಚಾರ್ರೇ?" ಸಾಹೇಬರು ಕೇಳಿದರು.

"ಗೊತ್ತಿಲ್ಲ," ಎಂದೆ. ಆ ವಾರದಲ್ಲಿ ನಾನು ಹೇಳಿದ ಮೊದಲ ಸರಿಯಾದ ಮಾತು ಅದು.

"ತಿರುಗ್ಸು," ಎಂದರು ಸಾಹೇಬರು.

ತಾಂಡೇಲ ಎರಡು ದೊಡ್ಡ ತೆರೆ ಹೋಗಗೊಟ್ಟು, ಅವುಗಳ ಹಿಂದಿನ ಸಮನೀರಿನಲ್ಲಿ ಚುಕ್ಕಾಣಿ ತಳ್ಳಿದ. ಮೂತಿ ಗಾಳಿಗೆ ಎದುರಾಯಿತು, ಹಾಯಿ ಒಂದು ಸಲ ಗುಡುಗಿತು, ನಾನು ಆ ಪಟ್ಟಿಯ ಮೇಲೆ ಕಣ್ಣಿಟ್ಟು ಕೂತೆ. ಬೋಟು ತಿರುಗಿ ಬಲಕ್ಕೆ ವಾಲಿತು. ಬಲಗಡೆಯ ತಂತಿ ಸಡಿಲವಾಗಿ ಬಟ್ಟೆ ಒಣಗಿಸುವ ಹಗ್ಗದಂತೆ ತೂಗಿತು. ಪಟ್ಟಿ ಅಲುಗುವುದು ನಿಂತಿತು.

ಇಷ್ಟಕ್ಕೆ ಮುಗಿಯುವಂತಿರಲಿಲ್ಲ. ಹಾಯಿ ಇಳಿಸಿ ಎಂಜಿನ್ನಿನಲ್ಲಿ ಹೋದರೂ ಅಳಿವೆಯ ತೆರೆಯಲ್ಲಿ ಬೋಟು ಎರಡೂ ಕಡೆ ಹೊರಳುತ್ತದೆ. ಕಂಬಕ್ಕೆ ಬಲಗಡೆಯಿಂದ ಇನ್ನೊಂದು ಹಿಡಿತ ಬೇಕು. ಹಾಯಿ ಏರಿಸುವ ಒಂದು ಹೆಚ್ಚುವರಿ ಹಗ್ಗ ಕಂಬದ ತುದಿಯ ರಾಟೆಯಿಂದ ಇಳಿದಿತ್ತು. ಸಾಹೇಬರು ಅದರ ಒಂದು ತುದಿಯನ್ನು ಬಲಬದಿಯ ಅಂಚಿನ ಅಲ್ಯೂಮಿನಿಯಂ ಪಟ್ಟಿಗೆ, ಕೊಳೆತ ಜಾಗದಿಂದ ಎರಡು ಮಾರು ಹಿಂದೆ ಕಟ್ಟಿದರು. ನಾನು ಮೊದಲು ಅಲ್ಲಿ ತಟ್ಟಿ ನೋಡಿದೆ, ಟಕ್ ಎಂದಿತು. ಇನ್ನೊಂದು ತುದಿ ಚುಕ್ಕಾಣಿಯ ಹತ್ತಿರದ, ಹಗ್ಗ ಸುತ್ತಿ ಬಿಗಿಯುವ ಉಕ್ಕಿನ ಗಾಲಿಗೆ ಬಂತು. ಅದರ ಹಿಡಿ ಇದ್ದದ್ದು ಭಾಬಿಯ ಪಕ್ಕ. ಮಾಲೀಕರು ಎದ್ದು ಬರುವುದರೊಳಗೆ ಭಾಬಿ ಎರಡೂ ಕೈಯಲ್ಲಿ ಹಿಡಿ ಹಿಡಿದು, ಆ ಸರಳಿರುವ ಕಾಲನ್ನು ಎದುರು ಬೆಂಚಿಗೆ ಒತ್ತಿ, ತಿರುಗಿಸಲು ಶುರುಮಾಡಿದ್ದರು. ಹಗ್ಗ ಬಿಗಿಯಾಗಿ ನೀರು ಹಿಂಡಿ ತೊಟ್ಟಿಕ್ಕಿತು.

"ಸಾಕಾ?" ಎಂದರು.

"ಇನ್ನು ಎರಡು ಸುತ್ತು," ಎಂದೆ.

ಎರಡು ಸುತ್ತಿಗೆ ಮೂರು ಸುತ್ತು ಹಾಕಿದರು.

ಹಾಯಿ ಇಳಿಸಿ ಎಂಜಿನ್ ಹಾಕಿ ಅಳಿವೆಯ ಬಾಯಿಗೆ ಬಂದಾಗ ಎರಡು ಮುಕ್ಕಾಲು ಆಗಿತ್ತು. ದಿಬ್ಬದ ಮೇಲೆ ಆಗಲೇ ಬಿಳಿ ನೊರೆ ಕಾಣುತ್ತಿತ್ತು. ತಾಂಡೇಲ ಹಿಂದೆ ತಿರುಗಿ ತೆರೆ ಎಣಿಸಿದ, ಒಂದರ ಬೆನ್ನು ಹತ್ತಿದ. ಬೋಟು ಎಡಕ್ಕೆ ಹೊರಳಿತು, ಹಗ್ಗ ತಂತಿಯಂತೆ ಬಿಗಿದು ಗುಂಯ್ ಎಂದಿತು. ಬಲಕ್ಕೆ ಹೊರಳಿತು. ಮತ್ತೆ ಎಡಕ್ಕೆ. ಆಮೇಲೆ ನೀರು ಒಮ್ಮೆಲೇ ಮಟ್ಟಸವಾಯಿತು. ನಾವು ಹೊಳೆಯೊಳಗೆ ಇದ್ದೆವು.

ಧಕ್ಕೆಗೆ ಕಟ್ಟಿದ ಮೇಲೆ ನಾನು ಸಾಹೇಬರಿಗೆ ಹೇಳಿದೆ. "ಶುಕ್ರವಾರವೇ ಅಲ್ಲಿ ಸದ್ದು ಕೂತಿತ್ತು ಸಾಹೇಬ್ರೇ. ತಟ್ಟೆಯಷ್ಟು ಜಾಗ, ಪಟ್ಟಿಯ ಬುಡದಲ್ಲೇ. ನಾನು ಕಡಿಮೆ ಮಾಡಿ ಹೇಳಿದೆ."

ಅವರು ನನ್ನ ಕಡೆ ತಿರುಗಿದರು. "ಎಂತಕ್ಕೆ?"

"ಮೊದಲ ದಿನ ಒಳ್ಳೆ ಮಾಲು ಅಂದುಬಿಟ್ಟಿದ್ದೆ."

ಬೈದಿದ್ದರೆ ಸುಲಭವಾಗುತ್ತಿತ್ತು. "ಹಡಗಿನಲ್ಲಿ ನನ್ನ ಕೈಕೆಳಗಿನವ ಹೀಗೆ ಮಾಡಿದ್ರೆ ಮುಂದಿನ ಬಂದರಿನಲ್ಲಿ ಇಳಿಸ್ತಿದ್ದೆ," ಎಂದಷ್ಟೇ ಹೇಳಿದರು. ಭಾಬಿ ತಮ್ಮ ಮನೆಮಾತು ನವಾಯತಿಯಲ್ಲಿ ಅವರಿಗೆ ಏನೋ ಅಂದರು. ನನಗೆ ತಿಳಿಯಲಿಲ್ಲ. ಇಬ್ಬರೂ ಕಾರು ಹತ್ತಿ ಹೋದರು.

ನಾನು ಅಲ್ಲೇ ಇದ್ದೆ. ಮಾಲೀಕರ ಒಪ್ಪಿಗೆ ಕೇಳಿ ಆ ಪಟ್ಟಿಯ ಹತ್ತಿರ ಒಂದು ಮೊಳ ಸಾಗವಾನಿ ಎಬ್ಬಿಸಿದೆ. ಸ್ಕ್ರೂಗಳನ್ನು ಬಿಚ್ಚಬೇಕಾಗಲಿಲ್ಲ, ಬೆರಳಲ್ಲಿ ಹಿಡಿದರೆ ಬಂದವು. ಫೈಬರ್ ಪದರ ಕತ್ತರಿಸಿ ತೆಗೆದಾಗ ಒಳಗಿದ್ದದ್ದು ಮರವಲ್ಲ, ಸೋಸಿ ಬಿಟ್ಟ ಕಾಫಿಪುಡಿಯಂಥ ಹಸಿ ಹುಡಿ. ಮಾಲೀಕರು ಅದನ್ನು ಬೆರಳಲ್ಲಿ ತೆಗೆದು ನೋಡಿದರು.

"ಗೋವಾದಲ್ಲಿ ತಗಂಡಾಗಲೇ ಈ ಫಾರ್ಮಿಕಾ ಇತ್ತು," ಎಂದರು. "ಚಂದ ಮಾಡಿಟ್ಟಿದಾರೆ ಅಂದ್ಕಂಡೆ. ಪುಟ್ಟಿ ಮಾತ್ರ ನಾನೇ ಹಾಕ್ಸಿದ್ದು." ಬೆರಳು ಒರೆಸಿಕೊಂಡು, "ಹೋದ ವಾರ ಆ ತಂತಿ ಹಿಡ್ಕಂಡೇ ನಿಂತಿದ್ಲು ನನ್ನ ಮಗಳು," ಎಂದು ಅಲ್ಲೇ ಧಕ್ಕೆಯ ಕಲ್ಲಿನ ಮೇಲೆ ಕೂತರು.

ಹತ್ತು ದಿನ ಭಟ್ಕಳದಿಂದ ಫೋನ್ ಬರಲಿಲ್ಲ. ಹನ್ನೊಂದನೆಯ ದಿನ ಭಾಬಿಯೇ ಮಾಡಿದರು. "ತದಡಿ ಬೋಟು ನೋಡ್ಲಿಕ್ಕೆ ಬನ್ನಿ. ಈ ಸಲ ಮೂರು ದಿನ ನೋಡಿ. ಮೂರು ದಿನ ಆಗುವವರೆಗೆ ಬಾಯಿ ತೆಗೀಬೇಡಿ."

ಮೂರು ದಿನ ನೋಡಿದೆ. ಡೆಕ್ಕಿನ ಪ್ರತಿ ಗೇಣು ತಟ್ಟಿದೆ. ಎಲ್ಲ ಹಾಳೆ ಬಿಚ್ಚಿದೆ, ಪ್ರತಿ ಬೋಲ್ಟನ್ನೂ ಎಳೆದು ನೋಡಿದೆ. ಸಾಹೇಬರು ಪಕ್ಕದಲ್ಲಿ ಕೂತು, ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಆಮೇಲೆ ತಾವೂ ತಟ್ಟಿ ನೋಡಿದರು. ಎರಡು ಕಡೆ ಸ್ವಲ್ಪ ಹಸಿ ಇತ್ತು, ಸಾಹೇಬರು ಬೋಟು ಕೊಂಡ ಮೇಲೆ ಅಷ್ಟನ್ನು ಕತ್ತರಿಸಿ ಹೊಸದು ತುಂಬಿದೆ. ಆ ಡೆಕ್ಕಿಗೆ ಇದ್ದ ತೂತುಗಳನ್ನು ಒಂದೇ ಕಾಗದದಲ್ಲಿ ಪಟ್ಟಿ ಮಾಡಬಹುದಿತ್ತು.

ಉಳಿದದ್ದು ಜಾರುವ ಮಾತು. ಮೂರು ಹಲಗೆಯ ಮೇಲೆ ಮೂರು ಥರದ ಮರಳು ಜರಡಿ ಹಿಡಿದು, ಹಸಿ ಬಣ್ಣದ ಮೇಲೆ ಉದುರಿಸಿ, ಒಣಗಿದ ಮೇಲೆ ಇನ್ನೊಂದು ಕೈ ಬಣ್ಣ ಕೊಟ್ಟೆ. ಹಲಗೆಗಳನ್ನು ವಾಲಿಸಿ ಇಟ್ಟು ಸೋಪಿನ ನೀರು ಸುರಿದೆವು. ಭಾಬಿ ಸಾಹೇಬರ ಭುಜ ಹಿಡಿದು ಒಂದೊಂದರ ಮೇಲೂ ನಿಂತರು. ನಯವಾದದ್ದು ಜಾರಿತು. ಒರಟಾದದ್ದು ಅಂಗಾಲು ಕೆರೆಯಿತು. ನಡುವಿನದರ ಮೇಲೆ ನಿಂತು ಭುಜ ಬಿಟ್ಟರು. ಬಣ್ಣಕ್ಕೆ ಬೆಣ್ಣೆಯ ಛಾಯೆ ಆರಿಸಿದೆವು, ಬಿಸಿಲಿಗೆ ಸಾಗವಾನಿಯಷ್ಟು ಸುಡುವುದಿಲ್ಲ.

ನೋಡಲು ಅದು ಈಗಲೂ ಸಾಧಾರಣ ಬೋಟೇ. ಸಾಗವಾನಿಯ ಮೇಲೆ ನನಗೆ ಸಿಟ್ಟಿಲ್ಲ. ಹೊಸದಾಗಿ, ಸ್ಕ್ರೂ ಇಲ್ಲದೆ ಅಂಟಿನಲ್ಲೇ ಕೂರಿಸಿದ ದಪ್ಪ ಹಾಸು ಇದ್ದರೆ ಈಗಲೂ ಬೇಡ ಎನ್ನುವುದಿಲ್ಲ. ಹಳೆಯದನ್ನು ಕೇಳಿಕೊಂಡು ಬಂದವರಿಗೆ ಮಾತ್ರ, ಮೇಲಿನದ್ದು ಆಮೇಲೆ ನೋಡುವ, ಮೊದಲು ಕೆಳಗೆ ಇಳಿಯುವ ಎನ್ನುತ್ತೇನೆ.

ಮಳೆಗಾಲವಿಡೀ ನಾನು ಹೊನ್ನಾವರದ ಆ ಬೋಟಿನ ಮೇಲೇ ಇದ್ದೆ. ಮಾಲೀಕರು ಅದನ್ನು ಯಾರಿಗೂ ಮಾರಲಿಲ್ಲ. "ಪೂರ್ತಿ ತೆಗೀರಿ," ಎಂದರು. ಟಾರ್ಪಾಲಿನ ಕೆಳಗೆ ಪಟ್ಟಿ ಪಟ್ಟಿಯಾಗಿ ಸಾಗವಾನಿ ಕಿತ್ತು, ಒಂದೊಂದು ತೂತನ್ನೂ ಒಣಗಿಸಿ ತುಂಬುವುದು. ನವರಾತ್ರಿ ಕಳೆದರೂ ಮುಗಿದಿರಲಿಲ್ಲ.

ಒಂದು ಮಧ್ಯಾಹ್ನ ಹಾಗೆ ತೂತು ತುಂಬುತ್ತಿರುವಾಗ ಕೊಚ್ಚಿಯಿಂದ ಸಾಹೇಬರ ಫೋನು ಬಂತು. ಮುಟ್ಟಿದೆವು ಎಂದರು. ಗಾಳಿ ಎಲ್ಲಿ ಸಿಕ್ಕಿತು, ಎಲ್ಲಿ ಇಲ್ಲ, ಎಂಜಿನ್ ಎಷ್ಟು ಗಂಟೆ ಓಡಿತು ಎಂಬುದನ್ನೆಲ್ಲ ವರದಿ ಒಪ್ಪಿಸುವ ಹಾಗೆ ಹೇಳಿ, "ತಾಳಿ, ಇವಳು ಮಾತಾಡ್ತಾಳಂತೆ," ಎಂದು ಫೋನನ್ನು ಭಾಬಿಗೆ ಕೊಟ್ಟರು.

"ಆಚಾರ್ರೇ," ಎಂದರು ಭಾಬಿ, "ಇವರಿಗೆ ಹಿಂದಿನ ಚುಕ್ಕಾಣಿ ಬಿಟ್ಟು ಏಳ್ಲಿಕ್ಕೆ ಆಗ್ಲಿಲ್ಲ. ಪ್ರತಿ ಸಂಜೆ ಮೂತಿಗೆ ಹೋಗಿ ಲಂಗರು ಬಿಟ್ಟದ್ದು ನಾನೇ."